ಗಡಾಫಿ ಮಗ ಯುವೆಂಟಸ್‌ನ ಸ್ಟಾರ್ ಸ್ಟ್ರೈಕರ್ ಆಗಿದ್ದರಾ? ಸತ್ಯಾಂಶ

"ಲಿಬಿಯಾದ ಗಡಾಫಿ ಮಗ ಸಾದಿ ಇಟಲಿಯ ಯುವೆಂಟಸ್‌ನಲ್ಲಿ ಸ್ಟಾರ್ ಸ್ಟ್ರೈಕರ್ ಆಗಿದ್ದ" ಎಂಬ ಫಾರ್ವರ್ಡ್ ಓಡಾಡುತ್ತಿರುತ್ತದೆ. ಇದು ನಿಜವಲ್ಲ.

ಲಿಬಿಯಾವನ್ನು ಆಳಿದ್ದ ಗಡಾಫಿಯ ಮಗ ಸಾದಿ, ಇಟಲಿಯ ಫುಟ್‌ಬಾಲ್ ಕ್ಲಬ್ ಯುವೆಂಟಸ್ ಪರ ಆಡಲೇ ಇಲ್ಲ. 2002ರಲ್ಲಿ ಲಿಬಿಯಾ ಸರ್ಕಾರದ ಹೂಡಿಕೆ ಕಂಪನಿ ಆ ಕ್ಲಬ್‌ನ ಷೇರು ಕೊಂಡಿತ್ತು. ಗೊಂದಲ ಹುಟ್ಟಿದ್ದು ಬಹುಶಃ ಅಲ್ಲಿಂದ. ಸಾದಿ ಸೇರಿದ್ದು 2003ರಲ್ಲಿ, ಇಟಲಿಯದ್ದೇ ಆದ ಪೆರುಜಾ ಕ್ಲಬ್‌ಗೆ. ಲೀಗ್‌ನಲ್ಲಿ ಮೈದಾನಕ್ಕೆ ಇಳಿಯುವ ಮೊದಲೇ ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ನಿಷೇಧಕ್ಕೆ ಒಳಗಾದರು. ಸ್ನಾಯು ಬಲ ಹೆಚ್ಚಿಸುವ ನಿಷೇಧಿತ ಔಷಧ ನ್ಯಾಂಡ್ರೋಲೋನ್ ಪತ್ತೆಯಾಗಿತ್ತು. ಕೊನೆಗೆ 2004ರ ಮೇ ತಿಂಗಳಲ್ಲಿ ಬದಲಿ ಆಟಗಾರನಾಗಿ ಸುಮಾರು ಕಾಲು ಗಂಟೆ ಆಡಿದರು. ಎದುರಾಳಿ ಯಾರು ಗೊತ್ತಾ? ಅದೇ ಯುವೆಂಟಸ್! ಪೆರುಜಾ 1-0ರಿಂದ ಗೆದ್ದಿತು, ಗೋಲು ಇವರದ್ದಲ್ಲ. ಮುಂದೆ ಉಡಿನೇಸೆ ಕ್ಲಬ್‌ ಪರ ಇನ್ನೊಂದು ಪಂದ್ಯ, ಅದೂ ಕೊನೆಯ ಕೆಲವೇ ನಿಮಿಷ. ಆಮೇಲೆ ಸೇರಿದ ಸಾಂಪ್ಡೋರಿಯಾ ಕ್ಲಬ್‌ ಪರ ಒಂದೂ ಇಲ್ಲ. ಇಟಲಿಯ ಲೀಗ್‌ನಲ್ಲಿ ಒಟ್ಟು 2 ಪಂದ್ಯ, ಗೋಲು ಸೊನ್ನೆ.

ತವರಿನಲ್ಲಿ ಮಾತ್ರ ಕಥೆ ಬೇರೆ. ಅಲ್ಲಿ ಅವರು ರಾಷ್ಟ್ರೀಯ ತಂಡದ ನಾಯಕ, ಸಾಲದ್ದಕ್ಕೆ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರೂ ಆಗಿದ್ದರು. ಇಂಥವರನ್ನು ತಂಡದಿಂದ ಕೈಬಿಡುವವರು ಯಾರು, ಅಲ್ವಾ? ಸಾದಿಯನ್ನು ಆಡಿಸದ ಕಾರಣಕ್ಕೇ ತಮ್ಮ ಕೆಲಸ ಹೋಯಿತು ಎಂದು ಇಟಲಿಯಿಂದ ಬಂದು ಲಿಬಿಯಾ ತಂಡದ ಕೋಚ್ ಆಗಿದ್ದ ಫ್ರಾಂಕೊ ಸ್ಕೋಲ್ಯೋ ಹೇಳಿದ್ದರು.