ಕಾಣದವರಿಗೆ ಮಾತ್ರ ದಾರಿ ಬಿಡುವ ಹೆದ್ದಾರಿ

2007ರ ಏಪ್ರಿಲ್ ಕೊನೆಯಲ್ಲಿ ಐರ್ಲೆಂಡಿನ ಸಾರಿಗೆ ಮಂತ್ರಿ ಮಾರ್ಟಿನ್ ಕಲೆನ್ ಮೀತ್ ಕೌಂಟಿಗೆ ಬಂದು ಎಂ3 ಹೆದ್ದಾರಿಗೆ ಗುದ್ದಲಿ ಪೂಜೆ ಮಾಡಿ ಹೋದರು. ಪೂಜೆ ಅಂದರೆ ಕುಂಕುಮ, ತೆಂಗಿನಕಾಯಿ ಏನಿಲ್ಲ. ಸುಮ್ನೆ ಒಂದು ಸಲಿಕೆ ಮಣ್ಣು, ನಾಲ್ಕು ಫೋಟೋ. ಅದರ ಬೆನ್ನಿಗೇ ಸುದ್ದಿ ಹೊರಬಿತ್ತು: ಅದೇ ರಸ್ತೆ ಹಾದುಹೋಗುವ ಲಿಸ್ಮಲ್ಲಿನ್ ಎಂಬಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯದಾದ ಮರದ ಕಂಬಗಳ ವೃತ್ತವೊಂದು ಸಿಕ್ಕಿದೆ, ಅಗಲ ಸುಮಾರು 80 ಮೀಟರ್! ಅಷ್ಟು ದೊಡ್ಡದು ಫೋಟೋ ತೆಗೆದ ದಿನದ ರಾತ್ರಿಯೇ ನೆಲದಿಂದ ಎದ್ದು ಬಂದಿರಲಿಕ್ಕಿಲ್ಲ, ಅಲ್ವಾ?

ಜಾಗವೂ ಅಂತಿಂಥದ್ದಲ್ಲ. ಪಕ್ಕದಲ್ಲೇ ತಾರಾ ಬೆಟ್ಟ. ಐರ್ಲೆಂಡಿನ ಮಹಾರಾಜರಿಗೆ ಪಟ್ಟ ಕಟ್ಟುತ್ತಿದ್ದರೆಂದು ಅಲ್ಲಿನ ಮಕ್ಕಳಿಗೂ ಗೊತ್ತಿರುವ ಜಾಗ. ಆ ಬೆಟ್ಟದ ಬುಡದ ಕಣಿವೆಯಲ್ಲೇ ಹೆದ್ದಾರಿ ಹೋಗಬೇಕೆಂದು ನಕ್ಷೆ ಬರೆದವರು, ಅಗೆದರೆ ಏನೂ ಸಿಗುವುದಿಲ್ಲ ಅಂದುಕೊಂಡಿದ್ದರೆ ಅವರ ಧೈರ್ಯವನ್ನು ಮೆಚ್ಚಲೇಬೇಕು.

ಇಷ್ಟಾದ ಮೇಲೆ ಅದನ್ನು ರಾಷ್ಟ್ರೀಯ ಸ್ಮಾರಕ ಎಂದು ಘೋಷಿಸಿದರು. ಉಳಿಯಿತು ಅಂದುಕೊಂಡಿರಾ? ಪರಿಸರ ಮಂತ್ರಿ ಡಿಕ್ ರೋಚ್ ಜೂನ್‌ನಲ್ಲಿ ಕುರ್ಚಿ ಬಿಡುವ ಕಡೇ ಗಳಿಗೆಯಲ್ಲಿ ಒಂದು ಆದೇಶಕ್ಕೆ ಸಹಿ ಹಾಕಿದರು: ಸ್ಮಾರಕವನ್ನು ದಾಖಲೆಯಲ್ಲಿ ಉಳಿಸಿಕೊಳ್ಳಿ, ನೆಲವನ್ನು ರಸ್ತೆಗೆ ಬಿಟ್ಟುಕೊಡಿ. ಅವರ ಜಾಗಕ್ಕೆ ಬಂದವರು ಹಸಿರು ಪಕ್ಷದ ಜಾನ್ ಗಾರ್ಮ್ಲಿ. ಈ ರಸ್ತೆ ಈ ಕಣಿವೆಯಲ್ಲಿ ಬೇಡ ಎಂದು ಗಂಟಲು ಹರಿದುಕೊಂಡಿದ್ದ ಪಕ್ಷ ಅದು. ಅವರು ಕಡತ ಬಿಚ್ಚಿ, ವಕೀಲರನ್ನು ಕೇಳಿ, ಹಿಂದಿನವರ ಸಹಿ ಅಳಿಸುವ ಅಧಿಕಾರ ತನಗಿಲ್ಲ ಅಂದರು. ಒಂದು ಸಹಿಗೆ ಇರುವ ಗಟ್ಟಿತನ 80 ಮೀಟರ್ ಸ್ಮಾರಕಕ್ಕೆ ಇರಲಿಲ್ಲ ನೋಡಿ.

ಇದಕ್ಕೆಲ್ಲ ಕಾನೂನಿದೆ. ಹಿಂದೆ ಡಬ್ಲಿನ್ ಸುತ್ತಲಿನ ಎಂ50 ರಸ್ತೆಗೆ ಕ್ಯಾರಿಕ್‌ಮೈನ್ಸ್ ಕೋಟೆಯ ಅವಶೇಷ ಅಡ್ಡ ಬಂದಿತ್ತು. ಜನ ಕೋರ್ಟಿಗೆ ಹೋದರು, ಕೆಲಸ ನಿಂತಿತು. ಸರ್ಕಾರ ತುಂಬಾ ಯೋಚಿಸಿ, ರಸ್ತೆ ತಿರುಗಿಸುವ ಬದಲು 2004ರಲ್ಲಿ ಕಾನೂನನ್ನೇ ತಿರುಗಿಸಿತು. ಆಮೇಲೆ ಸ್ಮಾರಕ ಎಷ್ಟೇ ದೊಡ್ಡದಿರಲಿ, ಮಂತ್ರಿ ಸಹಿ ಮಾಡಿದರೆ ಜಾಗ ಖಾಲಿ.

ದಾಖಲೆಯಲ್ಲಿ ಉಳಿಸುವುದು ಹೇಗೆ ಅಂತ ಸ್ವಲ್ಪ ಹತ್ತಿರದಿಂದ ನೋಡಿ. ಕಂಬಗಳು ಯಾವಾಗಲೋ ಕೊಳೆತು ಹೋಗಿವೆ. ಕಂಬ ನೆಟ್ಟ ಗುಂಡಿಯ ಮಣ್ಣು ಮಾತ್ರ ಉಳಿದ ನೆಲಕ್ಕಿಂತ ಕಪ್ಪಗೆ, ತಟ್ಟೆಯಷ್ಟು ದುಂಡಗೆ ಕಾಣುತ್ತದೆ. ಪುರಾತತ್ವದವರು ಮಳೆಯಲ್ಲಿ ಮಂಡಿಯೂರಿ ಕೂತು, ಗಾರೆ ಕೆಲಸದವರ ಕರಣೆಯಂಥದ್ದರಲ್ಲಿ ಹೆರೆದು ಹೆರೆದು ಆ ಕಲೆಯನ್ನು ಹುಡುಕುತ್ತಾರೆ. ಅರ್ಧ ಕತ್ತರಿಸಿ ತೆಗೆದು, ಚಿತ್ರ ಬರೆದು, ಅಳತೆ ಹಾಕಿ, ಮಣ್ಣನ್ನು ಚೀಲಕ್ಕೆ ತುಂಬಿ, ಚೀಲಕ್ಕೆ ಚೀಟಿ ಕಟ್ಟಿ, ಮಿಕ್ಕ ಅರ್ಧವನ್ನೂ ತೆಗೆಯುತ್ತಾರೆ. ಕೊನೆಗೆ ಗುಂಡಿಯ ವಿವರವೆಲ್ಲ ಕಾಗದದಲ್ಲಿ ಇರುತ್ತದೆ, ಗುಂಡಿಯೊಂದು ಇರುವುದಿಲ್ಲ. ಕೆಲಸ ಮಾಡಿದವರನ್ನು ನಾನು ಬೈಯುತ್ತಿಲ್ಲ. ಅಗೆತಕ್ಕೆ ರಸ್ತೆಯ ದುಡ್ಡು ಇಲ್ಲದಿದ್ದರೆ ಅಲ್ಲಿ ಒಂದು ವೃತ್ತವಿತ್ತು ಅನ್ನುವುದೇ ಯಾರಿಗೂ ತಿಳಿಯುತ್ತಿರಲಿಲ್ಲ, ಅದನ್ನೂ ಒಪ್ಪಬೇಕು. ಆ ವರ್ಷ ಅಮೆರಿಕದ ಪುರಾತತ್ವ ಪತ್ರಿಕೆಯೊಂದು ಲಿಸ್ಮಲ್ಲಿನ್ ಅನ್ನು ಜಗತ್ತಿನ ಹತ್ತು ದೊಡ್ಡ ಶೋಧಗಳಲ್ಲಿ ಸೇರಿಸಿತು. ಬಹುಮಾನವಾಗಿ ಸಿಕ್ಕಿದ್ದು ಡಾಂಬರು.

ಲಾಂಗ್‌ಫರ್ಡ್ ಕೌಂಟಿಯ ಎಡರ್‌ಕ್ಲೂನ್‌ನಲ್ಲಂತೂ ಎನ್4 ರಸ್ತೆಗೆ ಮುಂಚೆ ಅಗೆದಾಗ ಸಿಕ್ಕಿದ್ದೇನು ಗೊತ್ತಾ? ರಸ್ತೆ. ಜವುಗು ನೆಲದ ಮೇಲೆ ಕೊಂಬೆ, ದಿಮ್ಮಿ ಹಾಸಿದ ಹತ್ತಾರು ದಾರಿಗಳು, ಸಾವಿರಾರು ವರ್ಷಗಳ ಉದ್ದಕ್ಕೂ ಮತ್ತೆ ಮತ್ತೆ ಹಾಸಿದವು. ಒಂದು ಮುಳುಗಿದರೆ ಇನ್ನೊಂದು. ಗುತ್ತಿಗೆದಾರರು ಆಗಲೂ ಇದ್ದರು ಅಂತ ಕಾಣುತ್ತದೆ.

ಹಾಗಾದರೆ ಆ ದೇಶದಲ್ಲಿ ರಸ್ತೆ ಯಾರಿಗೂ ಬಗ್ಗುವುದಿಲ್ಲವೇ? ಬಗ್ಗುತ್ತದೆ. 1999ರಲ್ಲಿ ಕ್ಲೇರ್ ಕೌಂಟಿಯ ಲಟೂನ್‌ನಲ್ಲಿ ಹೊಸ ರಸ್ತೆಗೆ ಒಂದು ಮುಳ್ಳಿನ ಗಿಡ ಅಡ್ಡ ಬಂತು. ಎಡ್ಡಿ ಲೆನಿಹಾನ್ ಎಂಬ ಕಥೆಗಾರರು ಪತ್ರಿಕೆಗೆ ಬರೆದರು: ಇದು ಕಿನ್ನರರ ಗಿಡ, ಮನ್‌ಸ್ಟರ್ ಪ್ರಾಂತ್ಯದ ಕಿನ್ನರರು ಕಾನಾಕ್ಟ್ ಪ್ರಾಂತ್ಯದವರ ಮೇಲೆ ಯುದ್ಧಕ್ಕೆ ಹೋಗುವಾಗ ಇಲ್ಲೇ ಸೇರುತ್ತಾರೆ, ಕಡಿದರೆ ಈ ರಸ್ತೆಯಲ್ಲಿ ಅಪಘಾತ ತಪ್ಪಿದ್ದಲ್ಲ. ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಎಂಜಿನಿಯರುಗಳು ನಕ್ಷೆ ನೋಡಿಕೊಂಡು ಗಿಡವನ್ನು ಬಿಟ್ಟು ರಸ್ತೆ ಮಾಡಿದರು. ಅಗೆತವಿಲ್ಲ, ವರದಿಯಿಲ್ಲ, ಮಂತ್ರಿಯ ಸಹಿಯೂ ಬೇಕಾಗಲಿಲ್ಲ. ಲಿಸ್ಮಲ್ಲಿನ್‌ನವರು ಕಾರ್ಬನ್ ಪರೀಕ್ಷೆ ಮಾಡಿಸಿ ಕಾಲ ಕಳೆಯುವ ಬದಲು ಒಬ್ಬ ಒಳ್ಳೆಯ ಕಥೆಗಾರರನ್ನು ಹಿಡಿಯಬೇಕಿತ್ತು.

2017ರಲ್ಲಿ ಕೆರಿಯ ಸಂಸದ ಡ್ಯಾನಿ ಹೀಲಿ ರೇ, ಎನ್22 ರಸ್ತೆ ರಿಪೇರಿ ಮಾಡಿದರೂ ಮತ್ತೆ ಕುಸಿಯುವುದಕ್ಕೆ ಕಿನ್ನರರೇ ಕಾರಣ ಅಂದರು. ನಗಬೇಡಿ. ಅವರು ಮಣ್ಣು ತೋಡುವ ಯಂತ್ರಗಳ ವ್ಯವಹಾರ ಮಾಡುವವರು. ಉಪವಾಸ ಬಿದ್ದರೂ ಕಿನ್ನರರ ದಿಬ್ಬಕ್ಕೆ ಯಂತ್ರ ಹಚ್ಚುವುದಿಲ್ಲ ಎಂಬ ಮಾತನ್ನೂ ಹೇಳಿದರು. ಪುರಾತತ್ವ ಇಲಾಖೆಗೆ ಇಷ್ಟು ಹೆದರುವ ಗುತ್ತಿಗೆದಾರರು ಯಾವ ದೇಶದಲ್ಲಾದರೂ ಇದ್ದಾರಾ?

ಇನ್ನು ಎಂ3 ಕಥೆ. 2010ರ ಜೂನ್‌ನಲ್ಲಿ ರಸ್ತೆ ತೆರೆಯಿತು, ಎರಡೆರಡು ಟೋಲ್ ಗೇಟಿನೊಂದಿಗೆ. ಅಷ್ಟರಲ್ಲಿ ದೇಶದ ಆರ್ಥಿಕತೆ ಮಕಾಡೆ ಮಲಗಿತ್ತು. ಅಂದುಕೊಂಡಷ್ಟು ಕಾರುಗಳು ಬರಲಿಲ್ಲ. ಆದರೆ ಖಾಸಗಿ ಕಂಪನಿಯ ಜತೆಗಿನ ಒಪ್ಪಂದದಲ್ಲಿ ಒಂದು ಷರತ್ತಿತ್ತು: ವಾಹನಗಳು ಇಂತಿಷ್ಟಕ್ಕಿಂತ ಕಮ್ಮಿಯಾದರೆ ಸರ್ಕಾರ ದುಡ್ಡು ತುಂಬಿಕೊಡಬೇಕು. ತುಂಬಿಕೊಟ್ಟರು, ವರ್ಷಗಟ್ಟಲೆ. ಅಂದರೆ ಬಾರದ ಕಾರುಗಳಿಗೆ ಟೋಲ್ ಕಟ್ಟಿದ್ದು ತೆರಿಗೆ ಕೊಡುವ ಜನ. ಈ ಕಾರುಗಳು ಚಿಲ್ಲರೆ ಕೇಳುವುದಿಲ್ಲ, ಹಾರ್ನ್ ಹೊಡೆಯುವುದಿಲ್ಲ, ಹೊಗೆ ಬಿಡುವುದಿಲ್ಲ, ಕಣ್ಣಿಗಂತೂ ಕಾಣುವುದೇ ಇಲ್ಲ. ಮನ್‌ಸ್ಟರ್‌ನವರ ಸೈನ್ಯವೇ ಈಗ ಈ ದಾರಿ ಹಿಡಿದಿದೆಯೋ ಏನೋ, ಗೇಟಿನಲ್ಲಿ ಕೂತವರನ್ನು ಒಂದು ಮಾತು ಕೇಳಿ ನೋಡಬೇಕು.