ನೀಚ ಶನಿ ಯಾರ ಮನೆಯಲ್ಲಿಲ್ಲ?

ಕಳೆದ ಭಾನುವಾರ ವಿಜಯಪುರದಲ್ಲಿ ನನ್ನ ತಂಗಿಯ ಮಗಳನ್ನು ನೋಡಲು ಇಂಡಿ ಕಡೆಯಿಂದ ಜನ ಬಂದಿದ್ದರು. ಸೂಸಲ ತಿಂದರು, ಎರಡು ಸಲ ಚಹಾ ಕುಡಿದರು, ಹುಡುಗಿ ಒಪ್ಪಿಗೆ ಎಂದೇ ಎದ್ದರು. ಬುಧವಾರ ಫೋನ್ ಬಂತು: ಹುಡುಗಿಯ ಜಾತಕದಲ್ಲಿ ಶನಿ ನೀಚನಂತೆ, ಬೇಡವಂತೆ.

ತಂಗಿ ಅತ್ತಳು. ಶನಿಗಿಂತ ‘ನೀಚ’ ಎಂಬ ಶಬ್ದವೇ ಅವಳಿಗೆ ಹೆಚ್ಚು ಚುಚ್ಚಿತ್ತು. ನಮ್ಮ ಮಾತಿನಲ್ಲಿ ಅದು ಬೈಗುಳವಲ್ಲವೇ! ಜ್ಯೋತಿಷದಲ್ಲಿ ಅದು ಗ್ರಹವೊಂದು ತನ್ನ ಉಚ್ಚ ರಾಶಿಯಿಂದ, ಅಂದರೆ ತನಗೆ ಅತಿ ಹೆಚ್ಚು ಬಲವಿರುವ ರಾಶಿಯಿಂದ, ಏಳನೆಯದರಲ್ಲಿದ್ದು ಬಲಗುಂದಿದೆ ಎನ್ನುವ ಲೆಕ್ಕ. ಶನಿಗೆ ತುಲಾ ಉಚ್ಚ, ಮೇಷ ನೀಚ.

ಜಾತಕ ನೋಡುವುದನ್ನು ನಾನು ತಂದೆಯವರಿಂದ ಕಲಿತವನು. ನಂಬಿಕೆಯೂ ಇದೆ, ಸಿಟ್ಟು ಬಂದದ್ದೂ ಅದಕ್ಕೇ. ಪಂಚಾಂಗ ತೆಗೆದು ಕುಳಿತೆ. ಶನಿ ಒಂದು ರಾಶಿಯಲ್ಲಿ ಸುಮಾರು ಎರಡೂವರೆ ವರ್ಷ ಇರುತ್ತಾನೆ. 1998ರ ಏಪ್ರಿಲ್‌ನಿಂದ 2000ದ ಜೂನ್‌ವರೆಗೆ ಮೇಷದಲ್ಲಿದ್ದ. ಆಗ ಹುಟ್ಟಿದವರೆಲ್ಲರಿಗೂ ಶನಿ ನೀಚನೇ, ಈಗ ಮದುವೆಗೆ ನಿಂತಿರುವವರಲ್ಲಿ ಅವರೇ ಬಹಳ. ಅಷ್ಟೂ ಮಂದಿಯನ್ನು ಬೇಡವೆಂದರೆ ಬೀಗರು ಬರಬೇಕಾದ ಮಂಟಪಗಳಿಗೆ ಬೀಗವೇ ಗತಿ.

ನಮ್ಮ ಹುಡುಗಿ ಹುಟ್ಟಿದ್ದು 1999ರ ಡಿಸೆಂಬರ್‌ನಲ್ಲಿ, ಮೇಷ ಲಗ್ನ, ಅಂದರೆ ಹುಟ್ಟಿದ ಗಳಿಗೆಯಲ್ಲಿ ಮೂಡಣದಲ್ಲಿ ಏಳುತ್ತಿದ್ದ ರಾಶಿ ಮೇಷ; ಮನೆಗಳ ಎಣಿಕೆ ಅಲ್ಲಿಂದಲೇ. ಮೇಷದ ಅಧಿಪತಿ ಕುಜ (ಮಂಗಳ) ಲಗ್ನದಿಂದಲೋ ಚಂದ್ರನಿಂದಲೋ ಕೇಂದ್ರದಲ್ಲಿದ್ದರೆ, ಅಂದರೆ 1, 4, 7, 10ನೇ ಮನೆಗಳಲ್ಲಿದ್ದರೆ, ಮೇಷದಲ್ಲಿರುವ ಶನಿಯ ನೀಚತ್ವ ಭಂಗವಾಗುತ್ತದೆ, ಅಂದರೆ ರದ್ದಾಗುತ್ತದೆ ಎಂಬುದು ಶಾಸ್ತ್ರದ್ದೇ ಮಾತು. ಇವಳಿಗೆ ಕುಜ ಹತ್ತರಲ್ಲಿ, ಅದೂ ತನ್ನ ಉಚ್ಚ ಕ್ಷೇತ್ರವಾದ ಮಕರದಲ್ಲಿ. ಇನ್ನೇನು ಬೇಕಿತ್ತು? ಆದರೆ ಮೊಬೈಲ್‌ನಲ್ಲಿ ಕುಂಡಲಿ ತೆಗೆದವರು ಕೆಂಪು ಅಕ್ಷರದ ‘ನೀಚ’ ಕಂಡೊಡನೆ ಓದುವುದನ್ನು ನಿಲ್ಲಿಸುತ್ತಾರೆ. ಅಂಶ ನೋಡುವುದಿಲ್ಲ, ದೃಷ್ಟಿ ನೋಡುವುದಿಲ್ಲ, ಯಾವ ದಶೆ ನಡೆದಿದೆ ಎಂದು ಕೇಳುವುದಿಲ್ಲ. ಅರ್ಧ ಓದಿದವರ ಬಾಯಿಗೆ ಹೆಣ್ಣುಮಕ್ಕಳ ಜಾತಕವೇ ಮೊದಲು ಸಿಗುತ್ತದೆ.

ಹುಡುಗನ ಜಾತಕ? ಅವರೇ ಕೊಟ್ಟ ಚೀಟಿಯಲ್ಲಿ 1999ರ ಮಾರ್ಚ್ ಎಂದಿತ್ತು.

ತಡೆಯಲಾಗಲಿಲ್ಲ, ಅವನ ತಂದೆಗೆ ಫೋನ್ ಮಾಡಿದೆ. “ಯಜಮಾನರೇ, ನಿಮ್ಮ ಮಗನಿಗೂ ಶನಿ ಮೇಷದಲ್ಲೇ ಇದ್ದಾನಲ್ಲ?” ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವನು ಹುಟ್ಟಿದ ಗಳಿಗೆಯನ್ನು ನಾವು ಸರಿಯಾಗಿ ಬರೆದಿಟ್ಟಿಲ್ಲ, ಹೆಚ್ಚುಕಡಿಮೆ ಆಗಿರಬಹುದು” ಎಂದರು. ಗಳಿಗೆ ತಪ್ಪಿದರೆ ಲಗ್ನ ಬದಲಾದೀತು. ಆ ವರ್ಷದ ಮಾರ್ಚ್‌ನಲ್ಲಿ ಯಾವ ಗಳಿಗೆ ಹಿಡಿದರೂ ಶನಿ ಮೇಷ ಬಿಟ್ಟು ಕದಲುವುದಿಲ್ಲ.