ಇದೊಂದು ಮುಗಿಸಿ ಬರ್ತೀನಿ

ಎರಡು ವರ್ಷದ ಹಿಂದೆ ಅಮ್ಮ 11 ದಿನ ಐಸಿಯುನಲ್ಲಿದ್ದರು. ಹೊರಗೆ ಕಬ್ಬಿಣದ ಕುರ್ಚಿಗಳ ಒಂದು ಸಾಲು. ಅದರಲ್ಲಿ ಗೋಡೆ ಪಕ್ಕದ್ದು ನನ್ನದು ಅಂತಲೇ ಆಗಿಹೋಗಿತ್ತು. ಅಲ್ಲಿ ಕೂತು ನಾನು ಮಾಡಿದಷ್ಟು ಪ್ರಾರ್ಥನೆಯನ್ನು ಅದಕ್ಕೂ ಮುಂಚಿನ ಇಡೀ ಜೀವನದಲ್ಲಿ ಮಾಡಿರಲಿಲ್ಲ. ಆಫೀಸ್ ಇತ್ತು, ಫೋನ್ ಇತ್ತು, ಕೆಲಸ ರಾಶಿ ಬಿದ್ದಿತ್ತು. ಆದರೂ ದೇವರಿಗೆ ಸಮಯ ಇತ್ತು. ರಾತ್ರಿ ಎರಡು ಗಂಟೆಗೂ ಇತ್ತು.

ಅಮ್ಮ ಹುಷಾರಾಗಿ ಮನೆಗೆ ಬಂದರು. ನಾಲ್ಕನೇ ದಿನದಿಂದ ನನಗೆ ಸಮಯ ಇರಲಿಲ್ಲ.

ಸಂಕಟ ಬಂದಾಗ ವೆಂಕಟರಮಣ ಅಂತ ಹಿರಿಯರು ಸುಮ್ನೆ ಹೇಳಲಿಲ್ಲ. ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ಬ್ಯಾಗ್ ಹೆಗಲಿಗೆ ಹಾಕಿಕೊಂಡೇ ದೇವರ ಫೋಟೋ ಕಡೆ ಕೈ ಎತ್ತಿ ಹೊರಟಿದ್ದೆ. ಅಮ್ಮ ಅಲ್ಲೇ ಕೂತಿದ್ದರು.

"ಕೈ ಮುಗಿದ್ಯೋ, ಟಾಟಾ ಮಾಡಿದ್ಯೋ?"

"ಸಂಜೆ ಬಂದು ಸರಿಯಾಗಿ ಕೂತ್ಕೋತೀನಮ್ಮ. ಇವತ್ತು ಮೀಟಿಂಗ್ ಇದೆ."

"ನಾನು ಒಳಗೆ ಮಲಗಿದ್ದಾಗ ಮೀಟಿಂಗ್ ಇರಲಿಲ್ವೇನೋ?"

ಇದಕ್ಕೆ ಏನು ಉತ್ತರ ಕೊಡೋದು? ಶೂ ಲೇಸ್ ಕಟ್ಟುವ ನೆಪದಲ್ಲಿ ತಲೆ ಬಗ್ಗಿಸಿದೆ.

ನಿಜ ಹೇಳಬೇಕೆಂದರೆ ನನಗೆ ದೇವರ ಮೇಲೆ ನಂಬಿಕೆ ಕಡಿಮೆಯಾಗಿರಲಿಲ್ಲ. ನನ್ನ ಲೆಕ್ಕಾಚಾರ ಬೇರೆ ಇತ್ತು. ಕೆಲಸ ಎಲ್ಲ ಮುಗಿಯಲಿ, ತಲೆ ಖಾಲಿಯಾಗಲಿ, ಆಮೇಲೆ ನೆಮ್ಮದಿಯಾಗಿ ಕೂರೋಣ ಅಂತ. ಅರ್ಧಂಬರ್ಧ ಮನಸ್ಸಿಂದ ಕೈ ಮುಗಿಯೋದಕ್ಕಿಂತ ಅದೇ ಮೇಲು ಅಲ್ವಾ? ಕೇಳೋಕೆ ತುಂಬಾ ಭಕ್ತಿಯ ಮಾತಿನ ಹಾಗೇ ಇದೆ. ಆದರೆ ಸಂಜೆ ಮನೆಗೆ ಬಂದರೆ ಇದೊಂದು ಮೇಲ್. ಊಟ ಆದ ಮೇಲೆ ಇದೊಂದು ಕಾಲ್. ಹತ್ತೂವರೆಗೆ ಸುಮ್ಮನೆ ಫೋನ್ ಹಿಡಿದರೆ ಇದೊಂದು ವಿಡಿಯೊ. ಹನ್ನೊಂದೂವರೆಗೆ ಮಂಚದ ಮೇಲೆ ಕಣ್ಣು ಮುಚ್ಚಿ "ದೇವರೇ" ಅಂತ ಶುರು ಮಾಡಿದರೆ ಮುಂದಿನ ಪದ ನೆನಪಿರುವುದು ಬೆಳಿಗ್ಗೆ ಆರಕ್ಕೆ, ಅಲಾರಂ ಹೊಡೆದಾಗ.

"ಇದೊಂದು" ಅನ್ನುವ ಪದ ಇದೆಯಲ್ಲ, ಅದರಷ್ಟು ಸುಳ್ಳು ಪದ ನಮ್ಮ ಭಾಷೆಯಲ್ಲಿ ಇನ್ನೊಂದಿಲ್ಲ. ಅದು ಯಾವತ್ತೂ ಒಂದೇ ಆಗಿರುವುದಿಲ್ಲ.

ಆಗ ಒಂದು ವಿಷಯ ಹೊಳೆಯಿತು. ದಿನಾ ಪ್ರಾರ್ಥನೆಯ ಕಟ್ಟುಪಾಡು ಮಾಡಿದ ಯಾವ ಧರ್ಮವೂ "ಬಿಡುವಾದಾಗ ಬನ್ನಿ" ಅಂದಂತಿಲ್ಲ. ಸಂಧ್ಯಾವಂದನೆಗೆ ಬೆಳಗು, ನಡುಹಗಲು, ಸಂಜೆ ಅಂತ ಹೊತ್ತು ಗೊತ್ತುಮಾಡಿದ್ದಾರೆ. ಸೂರ್ಯ ಯಾರ ಕೆಲಸ ಮುಗಿಯಲಿ ಅಂತಲೂ ಕಾಯೋದಿಲ್ಲ. ಮುಸ್ಲಿಮರ ಐದು ಹೊತ್ತಿನ ನಮಾಜಿನಲ್ಲಿ ಜುಹರ್ ಬರುವುದು ಸರಿಯಾಗಿ ಮಧ್ಯಾಹ್ನ, ವ್ಯಾಪಾರ ಕೆಲಸ ಎಲ್ಲ ಜೋರಾಗಿ ನಡೆಯುವಾಗ. ಪ್ರಯಾಣದಲ್ಲಿದ್ದವರಿಗೆ ನಾಲ್ಕು ರಕಾತ್‌ಗಳ, ಅಂದರೆ ನಾಲ್ಕು ಸುತ್ತಿನ, ನಮಾಜನ್ನು ಎರಡಕ್ಕೆ ಇಳಿಸುವ ಅವಕಾಶ ಇದೆ. ಕಾಯಿಲೆಯಾದವರು ಕೂತು ಮಾಡಬಹುದು, ಅದೂ ಆಗದಿದ್ದರೆ ಮಲಗಿಯೇ ಮಾಡಬಹುದು. ಅಂದರೆ ಉದ್ದ ಕಡಿಮೆ ಮಾಡಿದ್ದಾರೆ, ಮಾಡುವ ರೀತಿಯಲ್ಲಿ ರಿಯಾಯಿತಿ ಕೊಟ್ಟಿದ್ದಾರೆ, ಆದರೆ ಪೂರ್ತಿ ಬಿಟ್ಟುಬಿಡಿ ಅನ್ನಲಿಲ್ಲ. ಯಹೂದಿಗಳ ಧರ್ಮನಿಯಮಗಳ ಸಂಗ್ರಹವಾದ ಮಿಶ್ನಾ ಸುಮಾರು 1,800 ವರ್ಷ ಹಳೆಯದು. ಕೂಲಿಗಾರರು ಮರದ ಮೇಲೆ ಕೂತೇ, ಕಟ್ಟುತ್ತಿರುವ ಗೋಡೆಯ ಮೇಲೆ ನಿಂತೇ ದಿನದ ಶೆಮಾ ಪ್ರಾರ್ಥನೆ ಹೇಳಬಹುದು ಅಂತ ಅದರಲ್ಲಿದೆ. ಕೆಳಗಿಳಿಯಬೇಕಾಗಿಲ್ಲ. ಆ ನಿಯಮ ಮಾಡಿದವರಿಗೆ ಕೆಲಸಗಾರನ ಕಷ್ಟ ಗೊತ್ತಿತ್ತು. ಮರ ಹತ್ತಿದವನು ಇಳಿದು, ಮತ್ತೆ ಹತ್ತಬೇಕೆಂದರೆ ಪ್ರಾರ್ಥನೆಯನ್ನೇ ಬಿಟ್ಟುಬಿಡುತ್ತಾನೆ ಅನ್ನುವುದೂ ಗೊತ್ತಿತ್ತೇನೋ.

ನನ್ನನ್ನು ಜಾಸ್ತಿ ಕಾಡಿದ್ದು ಮಾತ್ರ ಇನ್ನೊಂದು ವಿವರ. ಜಾನ್ ಕ್ಯಾಸಿಯನ್ ಅನ್ನುವ ಕ್ರೈಸ್ತ ಸನ್ಯಾಸಿ 5ನೇ ಶತಮಾನದಲ್ಲಿ ಈಜಿಪ್ಟಿನ ಸನ್ಯಾಸಿಗಳ ದಿನಚರಿ ಬರೆದಿಟ್ಟಿದ್ದಾನೆ. ಪ್ರಾರ್ಥನೆಗೋ ಬೇರೆ ಕೆಲಸಕ್ಕೋ ಬಾಗಿಲು ತಟ್ಟಿದ ಸದ್ದು ಕೇಳಿದರೆ ಎಲ್ಲರೂ ಕೈಯಲ್ಲಿದ್ದುದನ್ನು ಹಾಗೇ ಬಿಟ್ಟು ಏಳಬೇಕು. ಪುಸ್ತಕ ನಕಲು ಮಾಡುತ್ತಿದ್ದವನು ಬರೆಯಲು ಶುರು ಮಾಡಿದ್ದ ಅಕ್ಷರವನ್ನೂ ಪೂರ್ತಿ ಮಾಡುತ್ತಿರಲಿಲ್ಲವಂತೆ. ವಾಕ್ಯ ಅಲ್ಲ, ಪದ ಅಲ್ಲ, ಅಕ್ಷರ! ನಮ್ಮ ಲಿಪಿಯಲ್ಲಾದರೆ ತಲೆಕಟ್ಟು ಎಳೆದು, ಒತ್ತು ಕೊಡುವ ಮೊದಲೇ ಲೇಖನಿ ಕೆಳಗಿಡಬೇಕು.

ಮೊದಲು ಇದು ಅತಿ ಅನ್ನಿಸಿತು. ಆಮೇಲೆ ನನ್ನ "ಇದೊಂದು" ನೆನಪಾಯಿತು. ಆ ಅಕ್ಷರವೇ ಅವರ "ಇದೊಂದು". ಅಲ್ಲಿ ಬಿಡದಿದ್ದರೆ ಪದ ಆಗುತ್ತೆ, ಪದ ಸಾಲಾಗುತ್ತೆ, ಸಾಲು ಪುಟ ಆಗುತ್ತೆ.

ಹಾಗಾಗಿ ನಾನೂ ಒಂದು ಅಲಾರಂ ಇಟ್ಟೆ. ಮಧ್ಯಾಹ್ನ 1.10ಕ್ಕೆ, ಆಫೀಸಿನಲ್ಲಿ, ಏಳು ನಿಮಿಷ. ಹತ್ತು ಅಂದರೆ ಮನಸ್ಸು ಚೌಕಾಸಿ ಶುರು ಮಾಡುತ್ತೆ, ಐದು ಅಂದರೆ ನನಗೇ ನಾಚಿಕೆ. ಅದಕ್ಕೇ ಏಳು. ಜಾಗ ಅಂದರೆ ಮೂರು ಮತ್ತು ನಾಲ್ಕನೇ ಮಹಡಿ ನಡುವಿನ ಮೆಟ್ಟಿಲು. ಲಿಫ್ಟ್ ಇರುವುದರಿಂದ ಅಲ್ಲಿ ಯಾರೂ ಓಡಾಡಲ್ಲ. ಫೋನ್ ಟೇಬಲ್ ಮೇಲೇ ಬಿಟ್ಟು ಹೋಗಬೇಕು, ಇದು ಒಂದೇ ನಿಯಮ.

ಮೊದಲ ದಿನ ಅಲಾರಂ ಹೊಡೆದಾಗ ಒಬ್ಬ ಸಹೋದ್ಯೋಗಿಗೆ ಖಾರವಾಗಿ ಉತ್ತರ ಬರೆಯುತ್ತಿದ್ದೆ. "ಕಳೆದ ವಾರವೇ ನಾನು ಹೇಳಿದ್ದರೂ ನೀವು" ಅನ್ನುವಲ್ಲಿಗೆ ಬಂದಿತ್ತು. ಕೈ ಕೀಬೋರ್ಡ್ ಬಿಟ್ಟು ಏಳಲು ಒಪ್ಪಲಿಲ್ಲ. ನಿಜವಾಗಲೂ ಬೆರಳ ತುದಿ ತುರಿಸಿದ ಹಾಗಾಯಿತು. ಎದ್ದೆ. ಮೆಟ್ಟಿಲ ಮೇಲೆ ಕೂತು ಕಣ್ಣು ಮುಚ್ಚಿದರೆ ತಲೆಯೊಳಗೆ ಸಂತೆ. ಇಎಂಐ ಇದೇ ತಿಂಗಳು ಕಟ್ಟಿದ್ನಾ? ಮಗನ ಫೀಸ್? ಆ ಮೇಲ್‌ನಲ್ಲಿ "ನೀವು" ಆದ ಮೇಲೆ ಏನು ಬರೆದರೆ ಸರಿಯಾಗಿ ನಾಟುತ್ತೆ? ಏಳು ನಿಮಿಷದಲ್ಲಿ ದೇವರ ನೆನಪು ಬಂದದ್ದು ಒಂದು ನಿಮಿಷವೂ ಇರಲಿಕ್ಕಿಲ್ಲ. ವಾಪಸ್ ಬಂದು ನೋಡಿದರೆ ಆ ಅರ್ಧ ವಾಕ್ಯ ಹಾಗೇ ಕೂತಿತ್ತು, ಕರ್ಸರ್ ಮಿಣುಕುತ್ತಿತ್ತು. ನಾನಿಲ್ಲದೆ ಏನೂ ಮುಳುಗಿಹೋಗಿರಲಿಲ್ಲ. ಆ ಸಾಲು ಅಳಿಸಿ ಬೇರೆ ಬರೆದೆ.

ಇದನ್ನು ಓದಿ ಪ್ರಾರ್ಥನೆಯಿಂದ ಮನಸ್ಸು ತಿಳಿಯಾಯಿತು ಅಂತ ತೀರ್ಮಾನ ಮಾಡಬೇಡಿ. ಮುಂದಿನ ವಾರ ಇಂಥದ್ದೇ ಇನ್ನೊಂದು ಮೇಲ್ ಇತ್ತು. ಮೆಟ್ಟಿಲಿಂದ ಬಂದು ಅದನ್ನು ಇನ್ನಷ್ಟು ಖಾರ ಮಾಡಿ ಕಳಿಸಿದೆ.

ಪ್ರಾರ್ಥನೆ ಮಾಡಿದರೆ ಒತ್ತಡ ಕಡಿಮೆಯಾಗುತ್ತೆ, ಕೆಲಸದಲ್ಲಿ ಗಮನ ಹೆಚ್ಚುತ್ತೆ, ನಿದ್ದೆ ಚೆನ್ನಾಗಿ ಬರುತ್ತೆ ಅಂತೆಲ್ಲ ಹೇಳುವವರ ಮಾತು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಆಗಬಹುದು, ಬೇಡ ಅಂದವರು ಯಾರು? ಆದರೆ ಆಮೇಲೆ ದೇವರು ಮೊಬೈಲ್ ಚಾರ್ಜರ್ ಥರ ಆಗಿಬಿಡುತ್ತಾನೆ. ಬ್ಯಾಟರಿ ತುಂಬಿದರೆ ಕಿತ್ತಿಡುವುದು. ಐಸಿಯು ಹೊರಗೆ ನಾನು ಮಾಡಿದ್ದೂ ಅದನ್ನೇ ತಾನೇ?

ಇನ್ನೊಂದು ಮಾತು ಇದೆ, ಇದನ್ನು ನಾನೇ ಎಷ್ಟೋ ಸಲ ಬಳಸಿದ್ದೇನೆ. "ಕಾಯಕವೇ ಕೈಲಾಸ ಅಲ್ವಾ? ಕೆಲಸ ಮಾಡಿದರೆ ಸಾಕು, ಅದೇ ಪೂಜೆ." ರಾತ್ರಿ ಹತ್ತರವರೆಗೆ ಆಫೀಸಿನಲ್ಲಿರುವವರ ಬಾಯಲ್ಲಿ ಈ ಮಾತು ಬಹಳ ಸಲ ಕೇಳಿದ್ದೇನೆ. ಇದು 12ನೇ ಶತಮಾನದ ಆಯ್ದಕ್ಕಿ ಮಾರಯ್ಯನ ವಚನದ ಮಾತು. ಮುಚ್ಚಿಡೋದು ಬೇಡ, ಕಾಯಕದಲ್ಲಿ ಮುಳುಗಿದ್ದರೆ ಲಿಂಗಪೂಜೆಯನ್ನೂ ಮರೆಯಬೇಕು ಅಂತಲೇ ಆ ವಚನದಲ್ಲಿದೆ. ಅಲ್ಲಿಗೆ ನನ್ನ ವಾದ ಬಿತ್ತು ಅನ್ನಬಹುದು. ಆದರೆ ಆ ಮಾರಯ್ಯನ ಮನೆಯ ಕಥೆಯನ್ನೂ ಪೂರ್ತಿ ಕೇಳಬೇಕಲ್ವಾ? ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರುವುದು ಅವನ ಕಾಯಕ. ಒಂದು ದಿನ ಬೇಕಾದುದಕ್ಕಿಂತ ಜಾಸ್ತಿ ತಂದ. ಹೆಂಡತಿ ಲಕ್ಕಮ್ಮ ಒಪ್ಪಲಿಲ್ಲ. ಇಷ್ಟು ನಮಗೇಕೆ, ಹೆಚ್ಚಿದ್ದನ್ನು ಎಲ್ಲಿಂದ ತಂದೆಯೋ ಅಲ್ಲೇ ಹಾಕಿ ಬಾ ಅಂದಳು.

ನನ್ನ ಕೆಲಸವನ್ನು ಲಕ್ಕಮ್ಮನ ಮುಂದೆ ಸುರಿದರೆ ಎಷ್ಟು ವಾಪಸ್ ಹೋಗಬೇಕಾಗುತ್ತೋ! ಬೇಕಾಗಿ ಮಾಡಿದ್ದು ಎಷ್ಟು, ಬಡ್ತಿಗೆ ಅಂತ ಮಾಡಿದ್ದು ಎಷ್ಟು, ಪಕ್ಕದವನು ಇನ್ನೂ ಎದ್ದಿಲ್ಲ ಅಂತ ಸುಮ್ನೆ ಕೂತದ್ದು ಎಷ್ಟು? ಅದೆಲ್ಲ ಸೇರಿಸಿ ಕಾಯಕ ಅಂತ ಹೆಸರಿಟ್ಟುಕೊಂಡರೆ ಮಾರಯ್ಯ ನಗುತ್ತಾನೆ, ಅಷ್ಟೇ.

ದೊಡ್ಡವರ ಕಥೆ ಹೇಳಿ ಹೆದರಿಸುವುದು ನನಗಿಷ್ಟವಿಲ್ಲ. ಆದರೂ ಒಂದು ಹೇಳಿಬಿಡುತ್ತೇನೆ. 1948ರ ಜನವರಿ 30ರಂದು ಗಾಂಧೀಜಿ ಸರ್ದಾರ್ ಪಟೇಲರ ಜೊತೆ ಮಾತಿಗೆ ಕೂತಿದ್ದರು. ಪಟೇಲ್ ಮತ್ತು ನೆಹರೂ ನಡುವಿನ ಬಿರುಕಿನ ವಿಷಯ. ದೇಶಕ್ಕೆ ಅದಕ್ಕಿಂತ ಮುಖ್ಯವಾದ "ಇದೊಂದು" ಆ ಹೊತ್ತಿನಲ್ಲಿ ಇನ್ನೇನಿತ್ತು? ಐದು ಗಂಟೆಯ ಪ್ರಾರ್ಥನೆಯ ಹೊತ್ತು ದಾಟಿತ್ತು. ಜೊತೆಗಿದ್ದವರು ಗಡಿಯಾರ ತೋರಿಸಿದರು. ಅವರು ಎದ್ದು ಹೊರಟರು. ತಡವಾಯಿತಲ್ಲ ಅಂತ ದಾರಿಯಲ್ಲಿ ಬೇಸರಪಟ್ಟುಕೊಂಡೇ ನಡೆದರು. ಆ ದಾರಿಯಲ್ಲಿ ಮುಂದೇನಾಯಿತು ಅನ್ನುವುದು ಎಲ್ಲರಿಗೂ ಗೊತ್ತು. ನನಗೆ ಮತ್ತೆ ಮತ್ತೆ ನೆನಪಾಗುವುದು ಆ ಬೇಸರ. ಹತ್ತು ನಿಮಿಷ ತಡವಾದದ್ದಕ್ಕೆ ಅಷ್ಟು ಬೇಸರ!

ಸರಿ, ಮೆಟ್ಟಿಲ ಕಥೆ ಚೆನ್ನಾಗಿ ನಡೆಯುತ್ತಿತ್ತು. ಅದೇ ಹುಮ್ಮಸ್ಸಿನಲ್ಲಿ ಬೆಳಿಗ್ಗೆಯೂ 20 ನಿಮಿಷ ಕೂರಲು ಶುರು ಮಾಡಿದೆ. 7.20ರಿಂದ 7.40. ಬಾಗಿಲು ಹಾಕಿಕೊಂಡು, ಕಣ್ಣು ಮುಚ್ಚಿಕೊಂಡು. ಎರಡು ವಾರ ತಪ್ಪಲಿಲ್ಲ. ಸ್ವಲ್ಪ ಜಂಬವೂ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಒಂದು ದಿನ ಹೊರಗೆ ಬಂದು ಹೆಂಡತಿಗೆ, "ಇವತ್ತು ಮನಸ್ಸು ಬಹಳ ಚೆನ್ನಾಗಿ ನಿಂತಿತ್ತು ಕಣೇ" ಅಂದೆ.

ಅವಳು ಸೋಫಾ ಕೆಳಗೆ ಕೈ ಹಾಕಿ ಏನೋ ಹುಡುಕುತ್ತಿದ್ದಳು. ತಲೆ ಎತ್ತದೆಯೇ, "ನಿಲ್ಲದೆ ಏನು? ನೀವು ದೇವರ ಜೊತೆ ಕೂತಾಗಲೆಲ್ಲ ನಾನು ಇವನ ಶೂ ಹುಡುಕ್ತಿರ್ತೀನಲ್ಲ" ಅಂದಳು.

ನಾನು ಕೆಲಸ ಅರ್ಧಕ್ಕೆ ಬಿಡುವುದನ್ನು ಕಲಿತಿದ್ದೆ. ಉಳಿದರ್ಧ ಯಾರ ತಲೆ ಮೇಲೆ ಬೀಳುತ್ತೆ ಅಂತ ನೋಡಿರಲಿಲ್ಲ. ಮೆಟ್ಟಿಲ ಮೇಲಿನ ಏಳು ನಿಮಿಷ ನನ್ನ ಸ್ವಂತದ್ದು, ಮೇಲ್ ಅರ್ಧಕ್ಕೆ ನಿಂತರೆ ನನ್ನದೇ ನಿಲ್ಲುತ್ತೆ. ಬೆಳಗಿನ ಆ 20 ನಿಮಿಷ ಅವಳದ್ದು. ಕೇಳದೆ ತೆಗೆದುಕೊಂಡು ದೇವರಿಗೆ ಕೊಟ್ಟಿದ್ದೆ. ಕಂಡವರ ದುಡ್ಡಲ್ಲಿ ದಾನ ಮಾಡಿದ ಹಾಗೆ.

ಗಂಟೆಗಟ್ಟಲೆ ಪ್ರಾರ್ಥನೆಗೆ ಕೂರುವ ಗಂಡಸರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅವರ ಭಕ್ತಿಯನ್ನು ಎಲ್ಲರೂ ಹೊಗಳುತ್ತಿದ್ದರು. ಆ ಹೊತ್ತಿಗೆ ಮಗು ಅತ್ತರೆ ಎತ್ತಿಕೊಳ್ಳುತ್ತಿದ್ದವರು, ಬಾಗಿಲು ತಟ್ಟಿದರೆ ಓಡುತ್ತಿದ್ದವರು, "ಶ್, ಗಲಾಟೆ ಮಾಡಬೇಡಿ" ಅಂತ ಮಕ್ಕಳನ್ನು ಸುಮ್ಮನಿರಿಸುತ್ತಿದ್ದವರು ಯಾವಾಗ ಪ್ರಾರ್ಥನೆ ಮಾಡುತ್ತಿದ್ದರು? ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಹಸುಗೂಸು ಇರುವ ತಾಯಿಗೆ, ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವವರಿಗೆ, ಎರಡೆರಡು ಪಾಳಿ ಮಾಡುವ ನರ್ಸ್‌ಗೆ "ಮನಸ್ಸು ಮಾಡಿದರೆ ಸಮಯ ಸಿಗುತ್ತೆ" ಅಂತ ಉಪದೇಶ ಮಾಡುವುದು ಸುಲಭ. ಅವರಿಗೆ ಮನಸ್ಸು ಬೇಕಾದಷ್ಟಿದೆ. ಕೈಯಲ್ಲಿರುವ ಕೆಲಸವನ್ನು ಹತ್ತು ನಿಮಿಷ ಹಿಡಿದುಕೊಳ್ಳುವ ಇನ್ನೊಂದು ಕೈ ಇಲ್ಲ.

"ನಿನಗೆ ಯಾವ ಹೊತ್ತು ಬೇಕು?" ಅಂತ ಕೇಳಿದೆ. ಮದುವೆಯಾಗಿ 12 ವರ್ಷಕ್ಕೆ ಮೊದಲ ಸಲ ಕೇಳಿದ್ದು. ಅವಳು ಯೋಚನೆಯನ್ನೇ ಮಾಡಲಿಲ್ಲ. "7.20" ಅಂದಳು. ಅಂದರೆ ಎಷ್ಟು ದಿನದಿಂದ ಕಣ್ಣಿಟ್ಟಿದ್ದಳೋ.

ಈಗ ನನ್ನದು ಮಧ್ಯಾಹ್ನದ ಮೆಟ್ಟಿಲು ಮಾತ್ರ. ಬೆಳಿಗ್ಗೆ ರೂಮಿನ ಬಾಗಿಲು ಹಾಕಿಕೊಳ್ಳುವುದು ಅವಳು. ಒಳಗೆ ಏನು ಪ್ರಾರ್ಥನೆ ಮಾಡುತ್ತಾಳೆ ಅಂತ ನಾನು ಕೇಳಿಲ್ಲ, ಅವಳು ಹೇಳಿಲ್ಲ. ಮಗ ಆಗಾಗ ಬಾಗಿಲ ಹತ್ತಿರ ಹೋಗಿ ಕಿವಿ ಇಡುತ್ತಾನೆ. "ಏನೂ ಕೇಳಿಸ್ತಿಲ್ಲ ಅಪ್ಪ, ಅಮ್ಮ ನಿದ್ದೆ ಮಾಡ್ತಿದ್ದಾಳೆ ಅನ್ಸುತ್ತೆ" ಅಂತ ವರದಿ ಕೊಡುತ್ತಾನೆ. ಮಾಡಿದರೆ ಮಾಡಲಿ ಬಿಡು ಅಂತೀನಿ.

ಮೊನ್ನೆ ಅವನ ಬಲಗಾಲಿನ ಶೂ ಸಿಕ್ಕಿತು, ಎಡಗಾಲಿನದು ಸಿಗಲಿಲ್ಲ. ಸೋಫಾ ಕೆಳಗೆ ಇಲ್ಲ, ಮಂಚದ ಕೆಳಗೆ ಇಲ್ಲ, ಬಾಲ್ಕನಿಯಲ್ಲೂ ಇಲ್ಲ. ಗಂಟೆ 7.31. ಎಲ್ಲಿದೆ ಅಂತ ಅವಳಿಗೆ ಖಂಡಿತ ಗೊತ್ತಿರುತ್ತೆ. ಒಂದು ಸಲ, ಮೆಲ್ಲಗೆ, ಇದೊಂದು ಕೇಳಿಬಿಡೋಣ ಅಂತ ಬಾಗಿಲವರೆಗೂ ಹೋದೆ, ತಟ್ಟಲು ಕೈಯನ್ನೂ ಎತ್ತಿದೆ.

ಅವತ್ತು ಅವನು ಚಪ್ಪಲಿಯಲ್ಲೇ ಸ್ಕೂಲಿಗೆ ಹೋದ.